ಫಿಲಿಪ್ಪೀನ್ಸ್ ಪಂಚಾಂಗದಲ್ಲಿ ಒಂದು ಕುರ್ಚಿ

ಜನವರಿಯ ಒಂದು ಮಂಗಳವಾರ, ಡೌನರ್ಸ್ ಗ್ರೋವ್‌ನ ನಮ್ಮ ಡಯಾಲಿಸಿಸ್ ಕೇಂದ್ರದಲ್ಲಿ ರೌಂಡ್ಸ್ ಮಾಡುತ್ತ ನಾಲ್ಕನೇ ಕುರ್ಚಿಯ ಬಳಿ ಬಂದೆ. ಹೊರಗೆ ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್. ಕುರ್ಚಿಯಲ್ಲಿದ್ದ ರೋಗಿ ಎರಡು ಹೊದಿಕೆಗಳೊಳಗಿಂದ ಮುಖವಷ್ಟೇ ಹೊರಗೆ ಹಾಕಿ, "ಡಾಕ್ಟರ್, ಈ ವರ್ಷ ನಾನು ಒಂದ್ಸಲ ಊರಿಗೆ ಹೋಗಿ ಬರಬಹುದಾ?" ಎಂದು ಕೇಳಿದರು. ವರ್ಷಗಟ್ಟಲೆ ನೋಡಿದ್ದೇನೆ, ಅರ್ಧ ಗಂಟೆ ಮೊದಲೇ ಬಿಟ್ಟುಬಿಡಿ ಎಂಬುದೊಂದನ್ನು ಬಿಟ್ಟರೆ ಅವರು ನನ್ನನ್ನು ಏನನ್ನೂ ಕೇಳಿದವರಲ್ಲ.

ಅವರನ್ನು ನಾವೆಲ್ಲ ಲೋಲೋ ಎನ್ನುತ್ತೇವೆ. ಅವರ ಭಾಷೆಯಲ್ಲಿ ಹಾಗೆಂದರೆ ಅಜ್ಜ. ಊರು ಫಿಲಿಪ್ಪೀನ್ಸ್‌ನಲ್ಲಿ, ಮನಿಲಾದಿಂದ ಬಸ್ಸಿನಲ್ಲಿ ಅರ್ಧ ದಿನದ ದಾರಿ. ನಮ್ಮ ನರ್ಸುಗಳಲ್ಲಿ ಮುಕ್ಕಾಲು ಪಾಲು ಆ ದೇಶದವರೇ ಆದ್ದರಿಂದ ಅಜ್ಜನಿಗೆ ಇಲ್ಲಿ ಮೊಮ್ಮಕ್ಕಳ ಕೊರತೆಯಿಲ್ಲ. ಊರಲ್ಲಿ ಎಂಬತ್ತು ದಾಟಿದ ಅಣ್ಣ ಒಬ್ಬರಿದ್ದಾರೆ. ಅವರು ವಿಮಾನ ಹತ್ತುವುದಿಲ್ಲ ಎಂದು ಹಟ ಹಿಡಿದವರು. ಲೋಲೋ ಅವರಂತೂ ಡಯಾಲಿಸಿಸ್ ಶುರುವಾದ ಮೇಲೆ ಊರಿಗೆ ಹೋಗಿಲ್ಲ. ಹೀಗಾಗಿ ಅಣ್ಣತಮ್ಮಂದಿರ ಭೇಟಿ, ಜಗಳ, ರಾಜಿ ಎಲ್ಲ ನಾಲ್ಕನೇ ಕುರ್ಚಿಯಿಂದ ಫೋನಿನ ಪರದೆಯಲ್ಲೇ ನಡೆಯುತ್ತಿತ್ತು.

ಈ ವರ್ಷವೇ ಏಕೆಂದರೆ, ಲೋಲೋ ಅವರ ಹೃದಯದ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಹೋಗುವುದಾದರೆ ಈ ವರ್ಷದೊಳಗೆ ಹೋಗಿ ಬರಲಿ, ಮುಂದಿನ ವರ್ಷ ಆ ಹೃದಯವನ್ನು ಅಷ್ಟು ದೂರ ಕಳಿಸಲು ತಾವು ಒಪ್ಪುವುದಿಲ್ಲ ಎಂದು. ಆ ಮಾತು ಲೋಲೋ ಅವರಿಗೂ ಗೊತ್ತಿತ್ತು.

ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ಯಂತ್ರಕ್ಕೆ ರಕ್ತ ಕೊಟ್ಟು ತೊಳೆಸಿಕೊಳ್ಳುವವರಿಗೆ ಟಿಕೆಟ್ ಸಿಕ್ಕರೆ ಸಾಲದು, ಹೋದಲ್ಲಿ ಖಾಲಿ ಕುರ್ಚಿ ಸಿಗಬೇಕು. ಲೋಲೋ ಅವರ ಊರಿನಲ್ಲಿ ಎಂಟು ಯಂತ್ರಗಳ ಒಂದು ಪುಟ್ಟ ಕೇಂದ್ರವಿತ್ತು. ಅಲ್ಲಿ ಅತಿಥಿ ರೋಗಿಯಾಗಿ ಮೂರು ವಾರ ಜಾಗ ಕೇಳಬೇಕು. ಅದಕ್ಕೆ ಅವರ ಕೊನೆಯ ಡಯಾಲಿಸಿಸ್ ವಿವರಗಳು, ಒಣ ತೂಕ, ಅಂದರೆ ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗಿನ ತೂಕ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಎಷ್ಟು, ಸೂಜಿ ಯಾವ ಕೈಗೆ, ಎದೆಯ ಎಕ್ಸ್‌ರೇ ಎಲ್ಲ ಕಳಿಸಬೇಕು. ಹೆಪಟೈಟಿಸ್ ರಕ್ತ ಪರೀಕ್ಷೆಯಂತೂ ತಿಂಗಳೊಳಗಿನದೇ ಆಗಬೇಕು. ಈ ಓಡಾಟವೆಲ್ಲ ಸೋಷಿಯಲ್ ವರ್ಕರ್‌ನ ಕೆಲಸ. ನಮ್ಮ ಸೋಷಿಯಲ್ ವರ್ಕರ್ ಬಾಣಂತಿ, ರಜೆಯಲ್ಲಿದ್ದಳು. ನಾನೇ ಮಾಡುತ್ತೇನೆ ಬಿಡಿ, ಏನು ಮಹಾ, ಎಂದುಬಿಟ್ಟೆ. ಮದುವೆಮನೆಯಲ್ಲಿ ಯಾರು ಯಾವ ಪಂಕ್ತಿಗೆ ಕೂರಬೇಕೆಂದು ನಿಂತಲ್ಲೇ ತೀರ್ಮಾನಿಸುವ ಅತ್ತೆಯರ ನಡುವೆ ಮೈಸೂರಿನಲ್ಲಿ ಬೆಳೆದವಳು ನಾನು. ಒಂದು ಕುರ್ಚಿ ಹುಡುಕಲಾರೆನೇ?

ಮೊದಲು ಹಿಡಿದದ್ದು ಏಪ್ರಿಲ್. ಇಲ್ಲಿ ಹಿಮ ಕರಗುವ ಹೊತ್ತು, ಅಲ್ಲಿ ಮಳೆಯಿಲ್ಲ. ರಕ್ತ ಪರೀಕ್ಷೆ ಮಾಡಿಸಿ ಕಾಗದಪತ್ರ ಕಳಿಸಿದೆ. ಅಲ್ಲಿಯ ಮೇಲ್ವಿಚಾರಕಿ ನರ್ಸ್ ತುಂಬ ಮರ್ಯಾದೆಯಿಂದ ಉತ್ತರ ಬರೆದರು. ನೀವು ಕೇಳಿದ ದಿನಗಳಲ್ಲಿ ಈಸ್ಟರ್‌ಗೆ ಮುಂಚಿನ ಪವಿತ್ರ ವಾರ ಬರುತ್ತದೆ, ಗುರುವಾರ ಶುಕ್ರವಾರ ದೇಶವೇ ಬಾಗಿಲು ಹಾಕುತ್ತದೆ, ಉಳಿದ ದಿನಗಳ ಕುರ್ಚಿಗಳನ್ನು ಹೊರದೇಶದಿಂದ ಬರುವವರು ಹೋದ ವರ್ಷವೇ ಹಿಡಿದಿಟ್ಟಿದ್ದಾರೆ ಎಂದು.

ಸರಿ, ಮೇ ತಿಂಗಳು ಎಂದೆ. ಮತ್ತೆ ರಕ್ತ. ಈ ಸಲ ಉತ್ತರ ಇನ್ನೂ ಚೆನ್ನಾಗಿತ್ತು. ಮೇ ತಿಂಗಳಲ್ಲಿ ಚುನಾವಣೆ, ನಮ್ಮ ಇಬ್ಬರು ಟೆಕ್ನಿಷಿಯನ್‌ಗಳಲ್ಲಿ ಒಬ್ಬ ಪುರಸಭೆಗೆ ನಿಂತಿದ್ದಾನೆ, ಅವನು ಊರೂರು ಕೈಮುಗಿಯುತ್ತ ತಿರುಗುತ್ತಿರುವುದರಿಂದ ಹೊಸ ರೋಗಿಗಳನ್ನು ತೆಗೆದುಕೊಳ್ಳುತ್ತಿಲ್ಲ. ಇದನ್ನು ಓದಿ ನನಗೆ ಕೋಪ ಬರಲಿಲ್ಲ. ಯಂತ್ರ ಬಿಟ್ಟು ವೋಟಿಗೆ ಹೋದವನ ಮೇಲೆ ಕರ್ನಾಟಕದವಳು ಯಾವ ಬಾಯಲ್ಲಿ ಕೋಪ ಮಾಡಿಕೊಳ್ಳುವುದು?

"ನಿಮ್ಮ ಪ್ಲಾನಿಂಗ್‌ಗೆ ನನ್ನ ರಕ್ತ ಸಾಲಲ್ಲ, ಡಾಕ್ಟರ್," ಎಂದರು ಲೋಲೋ, ತೋಳು ಚಾಚುತ್ತ.

ಜೂನ್‌ನಿಂದ ಅಲ್ಲಿ ಮಳೆ, ಚಂಡಮಾರುತ. ಊರಿಗೆ ಹೋಗುವ ರಸ್ತೆ ಎರಡು ಹೊಳೆ ದಾಟುತ್ತದೆ. ಹೊಳೆ ತುಂಬಿದರೆ ರೋಗಿ ಒಂದು ದಡ, ಯಂತ್ರ ಇನ್ನೊಂದು ದಡ. ಅದನ್ನು ನಾನೇ ಹೊಡೆದು ಹಾಕಿದೆ. ಡಿಸೆಂಬರ್ ಕೇಳುವುದೇ ಬೇಡ. ಸೆಪ್ಟೆಂಬರ್ ಬಂದರೆ ಸಾಕು ಅವರಿಗೆ ಕ್ರಿಸ್‌ಮಸ್ ಶುರು. ಪ್ರತಿ ವರ್ಷ ಲೇಬರ್ ಡೇ ಹೊತ್ತಿಗೆ ನಮ್ಮ ಮುಖ್ಯ ನರ್ಸ್ ನರ್ಸಿಂಗ್ ಸ್ಟೇಷನ್ನಿನ ಮೇಲೆ ಬಣ್ಣದ ನಕ್ಷತ್ರದೀಪ ಕಟ್ಟುತ್ತಾಳೆ, ಹೊರಗೆ ಎಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್ ಸೆಖೆ ಇದ್ದರೂ. ಡಿಸೆಂಬರ್ ಹಿಡಿದು ಜನವರಿಯವರೆಗಂತೂ ಕುರ್ಚಿಗಳೆಲ್ಲ ಭರ್ತಿ.

ಜುಲೈನಲ್ಲಿ ಒಂದು ಭಾನುವಾರ ಅಡುಗೆಮನೆಯ ಮೇಜಿನ ಮೇಲೆ ಆ ದೇಶದ ರಜೆಗಳನ್ನೆಲ್ಲ ಹರಡಿಕೊಂಡು ಕೂತೆ. ನವೆಂಬರ್ ಆರಂಭಕ್ಕೆ ಕಣ್ಣು ನಿಂತಿತು. ಮಳೆ ಇಳಿಮುಖ. ಚುನಾವಣೆಯಿಲ್ಲ. ಹಬ್ಬವೂ ಇಲ್ಲ, ಇರುವುದು ಸತ್ತವರನ್ನು ನೆನೆಯುವ ಎರಡು ದಿನ ಮಾತ್ರ. ನನಗೆ ನಗು ಬಂತು.

"ನೋಡಿ, ಸಿಕ್ತು," ಎಂದೆ ನನ್ನ ಗಂಡನಿಗೆ. "ಇದು ಅವರ ಪಿತೃಪಕ್ಷ. ಈ ವಾರ ಒಂದು ನರಪಿಳ್ಳೆ ಪ್ರಯಾಣ ಮಾಡಲ್ಲ."

"ನಮ್ಮಣ್ಣನ ಮಗಳ ರಿಸೆಪ್ಷನ್‌ಗೆ ಪಿತೃಪಕ್ಷದಲ್ಲಿ ಹಾಲ್ ಅರ್ಧ ರೇಟಿಗೆ ಸಿಕ್ಕಿತ್ತಲ್ಲ, ಹಾಗಾ?" ಎಂದರು ಅವರು, ಕಾಫಿ ಸೋಸುತ್ತ.

"ಹಾಗೇನೇ. ಕೂಗಿ ಕರೆದ್ರೂ ಯಾರೂ ಬರಲ್ಲ. ಎಂಟೂ ಕುರ್ಚಿ ಖಾಲಿ ಇರುತ್ತೆ."

ಅಕ್ಟೋಬರ್ ಕೊನೆಯ ವಾರದಿಂದ ಮೂರು ವಾರ ಕೇಳಿ ಬರೆದೆ. ಜಾಗವಿದೆ ಎಂದು ಎರಡೇ ದಿನದಲ್ಲಿ ಉತ್ತರ ಬಂತು. ಎಷ್ಟು ಸುಲಭವಾಗಿ ಸಿಕ್ಕಿತೆಂದರೆ ನನ್ನ ಊಹೆಯೇ ಸರಿ ಎಂದು ಇನ್ನಷ್ಟು ಬೀಗಿದೆ. ಮಂಗಳವಾರ ಲೋಲೋ ಅವರಿಗೆ ತಾರೀಖು ಹೇಳಿದೆ. ಅವರು ಸೂಜಿಯಿಲ್ಲದ ಕೈಯಿಂದ ನನ್ನ ಕೈ ಹಿಡಿದುಕೊಂಡು, "ಉಂದಾಸ್‌ಗೆ ಕಳಿಸ್ತಾ ಇದೀರಾ? ನಿಜವಾಗ್ಲೂ?" ಎಂದರು. ಕಣ್ಣು ತುಂಬಿತ್ತು. ಉಂದಾಸ್ ಎಂದರೆ ಆ ಎರಡು ದಿನಗಳ ಹೆಸರು ಎಂದಷ್ಟೇ ನನಗೆ ಗೊತ್ತಿತ್ತು. ಟೆಕ್ಸಸ್‌ನ ಮಗಳ ಮನೆಯಿಂದ ರಜೆ ಮುಗಿಸಿ ಬಂದ ಮುಖ್ಯ ನರ್ಸ್ ಸುದ್ದಿ ಕೇಳಿ ನನ್ನನ್ನು ತಬ್ಬಿಕೊಂಡಳು. ಮರುದಿನ ನನಗೆಂದೇ ಮಾಂಸ ಹಾಕದೆ ಒಂದು ದೊಡ್ಡ ಟ್ರೇ ತುಂಬ ಶ್ಯಾವಿಗೆ ಮಾಡಿ ತಂದಳು. ನನ್ನ ಜಾಣತನಕ್ಕೆ ಸಂದ ಗೌರವ ಎಂದುಕೊಂಡು ಎರಡು ಸಲ ಬಡಿಸಿಕೊಂಡು ತಿಂದೆ.

ಸೆಪ್ಟೆಂಬರ್ ನಡುವಿನಲ್ಲಿ ಊರಿನ ಕೇಂದ್ರದಿಂದ ಇನ್ನೊಂದು ಮೇಲ್ ಬಂತು. ಕ್ಷಮಿಸಿ, ನವೆಂಬರ್ ಒಂದು ಶನಿವಾರ ಕೇಂದ್ರ ಪೂರ್ತಿ ಮುಚ್ಚಿರುತ್ತದೆ, ಶನಿವಾರದ ರೋಗಿಗಳನ್ನೆಲ್ಲ ಶುಕ್ರವಾರಕ್ಕೂ ಭಾನುವಾರಕ್ಕೂ ಹಂಚುತ್ತಿದ್ದೇವೆ, ಆ ವಾರದ ಕೊನೆಗೆ ಅತಿಥಿಗಳಿಗೆ ಕುರ್ಚಿಯಿಲ್ಲ. ಲೋಲೋ ಅವರದು ಮಂಗಳ, ಗುರು, ಶನಿ. ಶನಿವಾರ ತಪ್ಪಿದರೆ ಗುರುವಾರದಿಂದ ಮುಂದಿನ ಮಂಗಳವಾರದವರೆಗೆ ಐದು ದಿನ. ಅಷ್ಟು ದಿನದ ನೀರು, ಅಷ್ಟು ದಿನದ ಪೊಟ್ಯಾಸಿಯಮ್ ಆ ಹೃದಯದ ಮೇಲೆ ಬಿದ್ದರೆ ಏನಾಗಬಹುದೆಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ.

ನಮ್ಮ ಡಯಟಿಷಿಯನ್ ಧಾರವಾಡದ ಹುಡುಗಿ. ಹಬ್ಬದ ಊಟದಲ್ಲಿ ಲೋಲೋ ಏನು ತಿನ್ನಬಹುದು, ಏನು ತಿನ್ನಬಾರದು ಎಂದು ತಲೆ ಕೆಡಿಸಿಕೊಂಡು ಕೂತಿದ್ದಳು. ಅವಳ ಮುಂದೆ ಮೇಲ್ ಓದಿ ಗೊಣಗಿದೆ. "ಸತ್ತವರ ದಿನಕ್ಕೆ ಕೇಂದ್ರ ಯಾಕೆ ಮುಚ್ತಾರೆ? ಜನ ಸುಮ್ನೆ ಮನೇಲಿ ಇರಲ್ವಾ?"

ಅವಳು ಪೆನ್ನು ಕೆಳಗಿಟ್ಟಳು. "ಮೇಡಂ, ನೀವು ಇದನ್ನ ನಮ್ಮ ಪಿತೃಪಕ್ಷ ಅಂತ ತಿಳ್ಕೊಂಡೀರೇನು?"

"ಅಲ್ವಾ ಮತ್ತೆ?"

"ಅಲ್ರೀ. ನಮ್ಮ ಕಡೆ ಆ ಹದಿನೈದು ದಿನ ಒಂದು ಕಸಬರಿಗೀನೂ ಖರೀದಿ ಮಾಡಂಗಿಲ್ಲ, ಖರೆ. ಇವರದು ಹಂಗಲ್ಲ. ಬೀಗರ ಊಟಕ್ಕ ಹೊಂಟಂಗ ಎಲ್ಲಾರೂ ಸ್ಮಶಾನಕ್ಕ ಹೋಗ್ತಾರ. ಬುತ್ತಿ, ಚಾಪಿ, ಇಸ್ಪೀಟು, ಸಣ್ಣ ಕೂಸು, ಮುದುಕರು, ಎಲ್ಲಾ. ದುಬೈದಾಗ ಇದ್ದೋರು ಸೈತ ಬರ್ತಾರ. ಇಡೀ ವರ್ಷದಾಗ ಅವರ ದೇಶದ ರಸ್ತಾ ತುಂಬಿ ತುಳುಕೂದು ಆವಾಗನ."

"ಮೊದ್ಲೇ ಹೇಳಬಾರ್ದಿತ್ತೇನೇ?"

"ನೀವು ಬೇಕಂತನ ಹಿಡದೀರಿ ಅಂತ ಎಲ್ಲಾರೂ ನಿಮ್ಮನ್ನ ಹೊಗಳಾಕತ್ತಾರ. ನಾನ್ಯಾಕ ನಡುವ ಬಾಯಿ ಹಾಕ್ಲಿ?"

ತಿಂದ ಶ್ಯಾವಿಗೆ ನೆನಪಾಗಿ ನಾಚಿಕೆಯಾಯಿತು. ಖಾಲಿ ವಾರ ಎಂದು ನಾನು ಹೆಕ್ಕಿದ್ದು ದೇಶಕ್ಕೆ ದೇಶವೇ ಊರ ಕಡೆ ಹೊರಟಿರುವ ವಾರ. ನಮ್ಮಲ್ಲಿ ಪಿತೃಗಳು ಮನೆಗೆ ಬಂದು ಉಂಡು ಹೋಗುತ್ತಾರೆ, ನಾವು ತಗ್ಗಿದ ದನಿಯಲ್ಲಿ ಬಡಿಸುತ್ತೇವೆ. ಇವರು ತಾವೇ ಅವರ ಮನೆಗೆ ಉಣ್ಣಲು ಹೋಗುತ್ತಾರೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ತಾರೀಖು ಬದಲಿಸೋಣವೆಂದರೆ ವರ್ಷದಲ್ಲಿ ಬೇರೆ ಜಾಗವೇ ಉಳಿದಿರಲಿಲ್ಲ. ಅಷ್ಟು ಹೊತ್ತಿಗೆ ಲೋಲೋ ಅವರ ಅಣ್ಣ ತಾಯಿಯ ಸಮಾಧಿಗೆ ಸುಣ್ಣ ಹೊಡೆಸಲು ಜನ ಗೊತ್ತುಮಾಡಿದ್ದರು. ಡೆಟ್ರಾಯಿಟ್ ಹತ್ತಿರ ಸ್ಟರ್ಲಿಂಗ್ ಹೈಟ್ಸ್‌ನಲ್ಲಿರುವ ತಂಗಿ, ನಿವೃತ್ತ ನರ್ಸ್, ಜೊತೆಗೆ ಹೋಗಲು ಟಿಕೆಟ್ ಮಾಡಿಸಿದ್ದರು. ಲೋಲೋ ಅವರಿಗೆ ಮೇಲ್ ವಿಷಯ ಹೇಳಿದಾಗ ಅವರು, "ಐದು ದಿನ ನೀರೇ ಕುಡಿಯಲ್ಲ, ಡಾಕ್ಟರ್. ಆಣೆ ಇಟ್ಟು ಹೇಳ್ತೀನಿ," ಎಂದರು.

"ನೀವು ಆಣೆ ಇಟ್ರೆ ಪೊಟ್ಯಾಸಿಯಮ್ ಕೇಳಬೇಕಲ್ಲ," ಎಂದೆ. ಇಬ್ಬರಿಗೂ ನಗು ಬರಲಿಲ್ಲ.

ನನ್ನದೊಂದು ನಿಯಮವಿದೆ. ನಾಲ್ಕು ಗಂಟೆ ಎಂದರೆ ನಾಲ್ಕು ಗಂಟೆ. ಬೇಗ ಬಿಡಿ ಎಂದವರನ್ನೆಲ್ಲ ಇಷ್ಟು ವರ್ಷ ಗದರಿಸಿ ಕೂರಿಸಿದ್ದೇನೆ, ಅವರಲ್ಲಿ ಮೊದಲನೆಯವರೇ ಲೋಲೋ. ಆದರೆ ಆ ವಾರ ಕಾರಿನಲ್ಲಿ, ಊಟದ ಹೊತ್ತಿನಲ್ಲಿ, ಎಲ್ಲೆಲ್ಲೂ ಅದೇ ಲೆಕ್ಕ ಹಾಕುತ್ತ ಒಂದು ಮಾತು ಹೊಳೆಯಿತು. ಶನಿವಾರದ ನಾಲ್ಕು ಗಂಟೆಯ ಬದಲು ಶುಕ್ರವಾರ ಮೂರು, ಭಾನುವಾರ ಮೂರು ಮಾಡಿದರೆ? ನಡುವಿನ ಅಂತರ ಕಿರಿದಾಗುತ್ತದೆ. ಒಂದೊಂದು ಸಲ ತೆಗೆಯುವ ನೀರೂ ಕಡಿಮೆ, ದುರ್ಬಲ ಹೃದಯಕ್ಕೆ ಅದೇ ಮೇಲು. ಅಷ್ಟೇ ಅಲ್ಲ, ಊರಿನ ಕೇಂದ್ರಕ್ಕೆ ಮೂರು ಗಂಟೆಯ ಸಂದು ಹುಡುಕುವುದು ನಾಲ್ಕು ಗಂಟೆಯದಕ್ಕಿಂತ ಸುಲಭ. ನನ್ನ ನಿಯಮವನ್ನು ನಾನೇ ಮುರಿಯಬೇಕಿತ್ತು. ಮುರಿದೆ. ಮೊದಲು ಇಲ್ಲೇ ಒಂದು ವಾರ ಲೋಲೋ ಅವರನ್ನು ನಾಲ್ಕು ಸಲ ಕರೆಸಿ ಚಿಕ್ಕ ಡಯಾಲಿಸಿಸ್ ಮಾಡಿ ನೋಡಿದೆ. ರಕ್ತದೊತ್ತಡ ಇಳಿಯಲಿಲ್ಲ, ಕಾಲು ಸೆಳೆಯಲಿಲ್ಲ. "ಇಷ್ಟು ವರ್ಷ ಇದನ್ನೇ ಕೇಳ್ತಿದ್ದೆ ನಾನು," ಎಂದು ಲೋಲೋ ವಾರವಿಡೀ ನನ್ನನ್ನು ಆಡಿಕೊಂಡರು. ಮೂರು ಗಂಟೆ ಸಿಗಬೇಕಾದರೆ ಒಂದು ದಿನ ಹೆಚ್ಚು ಬರಬೇಕು ಎಂಬುದನ್ನು ಮಾತ್ರ ಅವರು ಎಲ್ಲೂ ಹೇಳಲಿಲ್ಲ.

ಇನ್ನು ಕುರ್ಚಿ. ಮೇಲ್ ಬರೆಯುವುದು ಸಾಕೆಂದು, ಸಂಜೆಯ ಹೊತ್ತು ಮುಖ್ಯ ನರ್ಸನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರಿನ ಕೇಂದ್ರಕ್ಕೆ ಫೋನ್ ಮಾಡಿದೆ. ಅಲ್ಲಿ ಮರುದಿನ ಬೆಳಿಗ್ಗೆ. ಮೇಲ್ವಿಚಾರಕಿ ಎಲ್ಲ ಕೇಳಿಸಿಕೊಂಡರು. ಭಾನುವಾರ ಮಧ್ಯಾಹ್ನ ಹೇಗೋ ಹೊಂದಿಸಬಹುದು, ಶುಕ್ರವಾರ ಎಂಟೂ ಯಂತ್ರಗಳು ಬೆಳಗಿನಿಂದ ಸಂಜೆಯವರೆಗೆ ಭರ್ತಿ, ಅದಾದ ಮೇಲೆ ನಮ್ಮವರೂ ಅವರವರ ಸತ್ತವರ ಹತ್ತಿರ ಹೋಗಬೇಕಲ್ಲ, ಎಂದರು. ಫೋನಿನಲ್ಲಿ ಆಗ ಹಿಂದಿನಿಂದ ಇನ್ನೊಂದು ದನಿ ಕೇಳಿತು. ಮೇ ತಿಂಗಳಲ್ಲಿ ಪುರಸಭೆಗೆ ನಿಂತಿದ್ದ ಟೆಕ್ನಿಷಿಯನ್. ಸೋತು ಯಂತ್ರಗಳ ಬಳಿಗೆ ವಾಪಸಾಗಿದ್ದ.

ಅವನೂ ನಮ್ಮ ಮುಖ್ಯ ನರ್ಸೂ ತಮ್ಮ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದರು. ನಡುನಡುವೆ ಇವಳು ನಗುತ್ತಿದ್ದಳು. ಕೊನೆಗೆ ನನ್ನ ಕಡೆ ತಿರುಗಿ, "ಶುಕ್ರವಾರ ಎಲ್ಲರಿಗಿಂತ ಮುಂಚೆ ಬಂದು ಒಂದು ಯಂತ್ರ ಶುರು ಮಾಡ್ತಾನಂತೆ," ಎಂದಳು.

"ಒಪ್ಪಿದ್ನಾ? ಯಾಕಂತೆ?"

"ಲೋಲೋ ಯಾವ ಮನೆತನ ಅಂತ ಕೇಳ್ದ. ಹೇಳ್ದೆ. ಆ ಮನೇಲಿ ಬಹಳ ವೋಟಿದೆಯಂತೆ. ಮುಂದಿನ ಸಲಾನೂ ನಿಲ್ತಾನಂತೆ."

ನಾನು ಬಾಯ್ಬಿಟ್ಟು ನಕ್ಕೆ. ಇಷ್ಟು ತಿಂಗಳಲ್ಲಿ ಆ ದೇಶದ ರಾಜಕೀಯದಿಂದ ನನಗೆ ಆದ ಮೊದಲ ಉಪಕಾರ ಅದು. ಅವನು ಹೇಳಿದ್ದು ತಮಾಷೆಗೋ ನಿಜಕ್ಕೋ ಎಂದು ನಾನು ವಿಚಾರಿಸಲು ಹೋಗಲಿಲ್ಲ. ಮುಂಜಾನೆ ಎದ್ದು ಬರುವವನು ಅವನು.

ಅಕ್ಟೋಬರ್‌ನಲ್ಲಿ ಕೊನೆಯ ರಕ್ತ ಪರೀಕ್ಷೆ ಆಯಿತು. ಹೊರಡುವ ವಾರ ಸಮುದ್ರದಲ್ಲಿ ಒಂದು ಬಿರುಗಾಳಿ ಎದ್ದು ನಾವೆಲ್ಲ ದಿನಕ್ಕೆ ಹತ್ತು ಸಲ ಹವಾಮಾನದ ನಕ್ಷೆ ನೋಡುವಂತೆ ಮಾಡಿತು. ಆಮೇಲೆ ತನ್ನ ಪಾಡಿಗೆ ಉತ್ತರಕ್ಕೆ ಹೋಯಿತು. ತಂಗಿ ಸ್ಟರ್ಲಿಂಗ್ ಹೈಟ್ಸ್‌ನಿಂದ ಐ-94 ಹೆದ್ದಾರಿಯ ರಿಪೇರಿ ಟ್ರಾಫಿಕ್ ದಾಟಿ ಡ್ರೈವ್ ಮಾಡಿಕೊಂಡು ಬಂದರು. ಸೂಜಿ ಹಾಕಿದ ಜಾಗದಿಂದ ರಕ್ತ ಬಂದರೆ ಹೇಗೆ ಒತ್ತಿ ಹಿಡಿಯಬೇಕು, ದಾರಿಯಲ್ಲಿ ಪೊಟ್ಯಾಸಿಯಮ್ ಇಳಿಸುವ ಪುಡಿಯನ್ನು ಯಾವಾಗ ಕೊಡಬೇಕು ಎಂದೆಲ್ಲ ಹೇಳಿಕೊಟ್ಟೆ. ಡಯಟಿಷಿಯನ್ ನಮ್ಮ ದೇಶದ ಅಂಗಡಿಗಳಿರುವ ಡೆವನ್ ಅವೆನ್ಯೂಗೆ ಹೋಗಿ ಉಪ್ಪಿಲ್ಲದ ಚುರಮರಿಯ ದೊಡ್ಡ ಚೀಲ ತಂದಿದ್ದಳು, ವಿಮಾನದಲ್ಲಿ ಕೊಡುವ ಉಪ್ಪಿನ ತಿಂಡಿಗೆ ಕೈ ಹೋಗದಿರಲಿ ಎಂದು. ಶನಿವಾರ ಬೆಳಿಗ್ಗೆ ಲೋಲೋ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಡಯಾಲಿಸಿಸ್‌ಗೆ ಬಂದರು, ಮುಗಿಸಿ ನೇರ ಓಹೇರ್ ವಿಮಾನ ನಿಲ್ದಾಣಕ್ಕೆ ಹೊರಟರು. ಬಾಗಿಲಲ್ಲಿ ನಿಂತು ಕೈ ಬೀಸಿದೆ. ಒಳಗೆ ಬಂದು ಊರಿನ ಕೇಂದ್ರಕ್ಕೆ ಕಳಿಸಿದ್ದ ಕಾಗದಗಳನ್ನು ಇನ್ನೊಮ್ಮೆ ತೆರೆದು ಒಂದೊಂದೇ ಸಾಲು ಓದಿದೆ. ನಾನು ಹೆದರಿದ್ದೆ.

ಮಂಗಳವಾರ ಊರಿನ ಕೇಂದ್ರದಿಂದ ಮೆಸೇಜ್ ಬಂತು. ತೂಕ ಸ್ವಲ್ಪ ಹೆಚ್ಚು, ಉಸಿರು ಸರಿ, ನಾಲ್ಕು ಗಂಟೆ ಸುಸೂತ್ರ. ಗುರುವಾರವೂ ಹಾಗೇ. ಅವರ ಶುಕ್ರವಾರದ ವರದಿಯನ್ನು ಟೆಕ್ನಿಷಿಯನ್ನೇ ಬರೆದಿದ್ದ. ಮೂರು ಗಂಟೆ ಆಯಿತು, ಒತ್ತಡ ಒಂದು ಸಲವೂ ಬೀಳಲಿಲ್ಲ, ರೋಗಿ ಪೂರ್ತಿ ಹೊತ್ತು ನಿದ್ದೆ ಹೊಡೆದರು, ಅಣ್ಣ ಪಕ್ಕದ ಸ್ಟೂಲಿನಲ್ಲಿ ಕೂತು ಅವರೂ ನಿದ್ದೆ ಹೊಡೆದರು. ಅದನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದೆ. ಮುಖ್ಯ ನರ್ಸ್ ಇನ್ನೊಂದು ಸಲ ಓದಿಸಿದಳು.

ಅಲ್ಲಿಯ ಶನಿವಾರ ಬೆಳಗ್ಗೆ ಎಂದರೆ ಇಲ್ಲಿ ಶುಕ್ರವಾರ ಸಂಜೆ, ಹ್ಯಾಲೋವೀನ್. ನಮ್ಮ ಬಡಾವಣೆಯ ಮಕ್ಕಳು ಅಸ್ಥಿಪಂಜರ, ದೆವ್ವ, ಮಾಟಗಾತಿಯರಾಗಿ ಬಾಗಿಲು ಬಡಿಯುತ್ತಿದ್ದರು. ನಾನು ಚಾಕೊಲೇಟ್ ಬುಟ್ಟಿ ಹಿಡಿದು ನಿಂತಿದ್ದಾಗ ಫೋನ್ ಬಂತು. ಪರದೆಯ ಮೇಲೆ ತಂಗಿ, ಅವರ ಹಿಂದೆ ಬಿಳಿ ಸಮಾಧಿಗಳ ಸಾಲು, ಹೂವು, ಮೇಣದಬತ್ತಿ, ಟಾರ್ಪಾಲಿನ ನೆರಳು, ಎಲ್ಲೆಲ್ಲೂ ಜನ. ನಿಮ್ಮ ರೋಗಿಯನ್ನು ನೋಡಿ ಎಂದು ಅವರು ಫೋನ್ ತಿರುಗಿಸಿದರು.

ಹೊಸ ಸುಣ್ಣದ ಸಮಾಧಿಯ ಕಟ್ಟೆಯ ಮೇಲೆ ಇಬ್ಬರು ಮುದುಕರು ಒಂದೇ ಛತ್ರಿಯಡಿ ಕೂತಿದ್ದರು. ನಡುವೆ ಇಸ್ಪೀಟಿನೆಲೆ. ಅಣ್ಣ ಎಲೆ ಬಚ್ಚಿಡುತ್ತಿದ್ದಾನೆಂದು ಲೋಲೋ, ಇಲ್ಲವೆಂದು ಅಣ್ಣ, ಎಂದು ತಂಗಿ ವಿವರಿಸಿದರು. ಇಷ್ಟು ದಿನ ಫೋನಿನಲ್ಲಿ ಜಗಳ ಅತಿಯಾದರೆ ಅಣ್ಣ ಪಟಕ್ಕನೆ ಕಟ್ ಮಾಡುತ್ತಿದ್ದರು. ಈಗ ಲೋಲೋ ಅಣ್ಣನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದರು, ಅಣ್ಣ ಬಿಡಿಸಿಕೊಳ್ಳಲು ನೋಡುತ್ತ ನಗುತ್ತಿದ್ದರು.

"ನೀರು ಎಷ್ಟು ಕುಡಿದ್ರಿ?" ಎಂದು ನಾನು ಕೂಗಿ ಕೇಳಿದೆ. "ತೆಂಗಿನಕಾಯಿ ಹಾಕಿದ ತಿಂಡಿ ತಿಂದ್ರಾ? ಅದರಲ್ಲೂ ಪೊಟ್ಯಾಸಿಯಮ್ ಇರುತ್ತೆ."

ಲೋಲೋ ಎಲೆಗಳಿಂದ ಕಣ್ಣೆತ್ತದೆ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಸುತ್ತ ಇದ್ದವರೆಲ್ಲ ನಕ್ಕರು, ಆ ಅಣ್ಣನೂ.

"ಏನಂದ್ರು?" ಎಂದು ತಂಗಿಯನ್ನು ಕೇಳಿದೆ.

"ಇವತ್ತು ಶನಿವಾರ ಕೇಂದ್ರಕ್ಕೆ ರಜಾ, ಡಾಕ್ಟರಿಗೂ ರಜಾ ಅಂತ ಹೇಳು, ಅಂದ."